'ಪಾರ್ಟ್ರಿಜ್ ಅಂಡ್ ಆರೆಂಜ್' ನೊಣದ ಗರಿ ದಟ್ಟವಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಇಂಗ್ಲೆಂಡಿನ ಯಾರ್ಕ್‌ಷೈರ್‌ನ ವಾರ್ಫ್ ನದಿಯ ಬಳಿ ವಾಸವಾಗಿರುವ ನಾನು, ಟ್ರೌಟ್ ಮೀನು ಹಿಡಿಯಲು ಅಲ್ಲಿನವರು ಹಿಂದಿನಿಂದಲೂ ಕಟ್ಟುತ್ತ ಬಂದಿರುವ ಈ ಕೃತಕ ನೊಣವನ್ನು (ಗಾಳಕ್ಕೆ ನೂಲು, ಗರಿ ಸುತ್ತಿ ಮಾಡುವ ಹುಳುವಿನಂಥ ಆಮಿಷ) ಮನೆಯಲ್ಲೇ ಕಟ್ಟಲು ಕಲಿಯುತ್ತಿದ್ದೇನೆ. 14ನೇ ಅಳತೆಯ ಗಾಳಕ್ಕೆ ಕಿತ್ತಳೆ ರೇಷ್ಮೆ ಸುತ್ತಿ ಕವುಜುಗದ (ಪಾರ್ಟ್ರಿಜ್) ಗರಿ ಕಟ್ಟಿದರೆ ಅದು ಪೊರಕೆಯಂತೆ ಕಾಣುತ್ತದೆ. ತಪ್ಪೆಲ್ಲಿದೆ, ದಯವಿಟ್ಟು ತಿಳಿಸಿ.

ಉತ್ತರ 1: ಗರಿಯ ಸುತ್ತುಗಳು ಹೆಚ್ಚಾಗಿವೆ. ಗರಿಯ ಬುಡದ ತುಪ್ಪಳವನ್ನೆಲ್ಲ ಕಿತ್ತು, ತುದಿಯನ್ನು ಗಾಳಕ್ಕೆ ಬಿಗಿದು, ಒಂದೂವರೆ ಅಥವಾ ಎರಡು ಸುತ್ತಿಗೆ ನಿಲ್ಲಿಸಿ. ಎಳೆಗಳು ವಿರಳವಾಗಿದ್ದರೆ ಮಾತ್ರ ನೀರಿನ ಸೆಳೆತಕ್ಕೆ ಒಂದೊಂದೂ ಬೇರೆಯಾಗಿ ಮಿಡಿದು, ಮೀನಿಗೆ ಜೀವವಿರುವ ಹುಳುವಿನಂತೆ ತೋರುತ್ತವೆ.

ಉತ್ತರ 2: ಮೇಲಿನ ಮಾತು ಸರಿ. ರೇಷ್ಮೆ ಸುತ್ತಿದ ಮೈಯನ್ನೂ ಗಿಡ್ಡವಾಗಿಯೇ ಇಡಿ, ಗಾಳದ ಮೊನೆಯ ನೇರವನ್ನು ದಾಟಿಸಬೇಡಿ. ಇನ್ನೊಂದು ವಿಷಯ: ರೇಷ್ಮೆ ನೆನೆದಾಗ ಕಿತ್ತಳೆ ಬಣ್ಣ ಕಂದಿಗೆ ತಿರುಗುತ್ತದೆ, ಆದ್ದರಿಂದ ನೂಲನ್ನು ಒದ್ದೆ ಮಾಡಿ ನೋಡಿಯೇ ಆರಿಸಿಕೊಳ್ಳಿ. ನನಗೆ ಈ ನೊಣದ ಸೊಗಸೆಲ್ಲ ಆ ಬಣ್ಣದಲ್ಲಿಯೇ ಇದೆ ಎನಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಎರಡೇ ಸುತ್ತು ಹಾಕಿ ಕಟ್ಟಿ ಲೋಟದ ನೀರಿನಲ್ಲಿ ಮುಳುಗಿಸಿ ನೋಡಿದೆ. ಎಳೆಗಳು ಬಿಡಿಬಿಡಿಯಾಗಿ ಅಲುಗಿದವು.