ಸಹಾಯ ಬೇಕು: 42ನೇ ವಯಸ್ಸಿಗೆ ತೋಟಗಾರಿಕೆ ಓದಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಪಿಯುಸಿ ಸೈನ್ಸ್ ಮುಗಿಸಿದ್ದು 2001ರಲ್ಲಿ, ಆಮೇಲೆ ಹೊಲವೇ ಗತಿ.

ಹೋದ ವರ್ಷ ಮೆಣಸಿನ ಗಿಡದ ಎಲೆಗಳೆಲ್ಲ ದೋಣಿ ಹಾಗೆ ಮೇಲಕ್ಕೆ ಮುರುಟಿದವು. ಅಂಗಡಿಯವರು ಕೊಟ್ಟ ಎಣ್ಣೆ (ಕೀಟನಾಶಕ) ಮೂರು ಸಲ ಗಿಡಕ್ಕೆ ಹೊಡೆದೆ, ದುಡ್ಡು ಹೋಯಿತು. ಮೇಲಕ್ಕೆ ಮುರುಟಿದರೆ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮುರುಟಿದರೆ ನುಸಿ (ಮೈಟ್) ಅಂತ ಆಮೇಲೆ ಗೊತ್ತಾಯಿತು. ನಾನು ಹೊಡೆದಿದ್ದು ನುಸಿ ಎಣ್ಣೆ! ಓದಿಯೇ ಬಿಡೋಣ ಅನಿಸಿದ್ದು ಅವತ್ತೇ.

ಬಿಎಸ್ಸಿ ತೋಟಗಾರಿಕೆ ಅಂದರೆ 4 ವರ್ಷ. ಬಾಗಲಕೋಟೆ ತೋಟಗಾರಿಕೆ ವಿವಿ ಕಾಲೇಜುಗಳಿಗೆ ಈ ವಯಸ್ಸಿನಲ್ಲಿ ಸೇರಿದವರು ಯಾರಾದರೂ ಇದ್ದೀರಾ? ಸಿಇಟಿ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ? ಹೊಲ ಬಿಟ್ಟಿರೋದು ಕಷ್ಟ, ಧಾರವಾಡ ಕಡೆ ಸಣ್ಣ ಕೋರ್ಸ್ ಇದ್ದರೂ ಹೇಳಿ.

ಮಗಳು ಈಗ ಪಿಯುಸಿ. "ಅಪ್ಪಾ, ನನ್ನ ಜೋಡಿನೇ ಸಿಇಟಿ ಬರಿ" ಅಂತಾಳೆ. ನಗಬೇಡಿ, ಅರ್ಧ ಮನಸ್ಸು ಮಾಡಿದ್ದೇನೆ.