ಸ್ಟೆಪ್ನಿ ಹೊರುವುದೋ, ಮನೆಯಲ್ಲಿಡುವುದೋ? ಟೈರ್ ಕಾಕಾ ಅವರನ್ನು ಕೇಳಿ

ನಿರ್ವಾಹಕ: ವಿಜಯಪುರ–ಬಾಗಲಕೋಟೆ ಕಾರು ಮಾಲೀಕರ ಗುಂಪಿನ ಶುಕ್ರವಾರದ ಪ್ರಶ್ನೋತ್ತರಕ್ಕೆ ಸ್ವಾಗತ. ಇಂದು ಉತ್ತರಿಸುವವರು ವಿಜಯಪುರದಲ್ಲಿ ಮೂವತ್ತು ವರ್ಷಗಳಿಂದ ಟೈರ್ ಅಂಗಡಿ ನಡೆಸುತ್ತಿರುವ ನಮ್ಮ ಕಾಕಾ. ದಿನಬಳಕೆಯ ಕಾರಿನಲ್ಲಿ ಸ್ಟೆಪ್ನಿ ಬೇಕೇ ಬೇಡವೇ ಎಂಬುದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶ ಹಾಕಬೇಡಿ.

ನಿಂಬೆನಾಡು, ಇಂಡಿ: ಕಾಕಾ, ನಮಸ್ಕಾರ. ನನ್ನದು ಸಿಎನ್‌ಜಿ ಹಾಕಿಸಿದ ಕಾರು. ಡಿಕ್ಕಿಯಲ್ಲಿ ಸಿಲಿಂಡರ್ ಕುಳಿತ ಮೇಲೆ ಒಂದು ಚೀಲ ಜೋಳ ಇಡುವಷ್ಟೂ ಜಾಗ ಉಳಿದಿಲ್ಲ. ಸ್ಟೆಪ್ನಿಯನ್ನು ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ನಡೆಯುತ್ತದೆಯೇ?

ಟೈರ್ ಕಾಕಾ: ಊರೊಳಗೆ ನಡೆಯುತ್ತದೆ. ಇಂಡಿಯಿಂದ ವಿಜಯಪುರಕ್ಕೆ ಬರುವಾಗ ನಡೆಯುವುದಿಲ್ಲ, ನೀವೇ ನಡೆಯಬೇಕಾಗುತ್ತದೆ. ನಮ್ಮ ರಸ್ತೆಗಳಲ್ಲಿ ಎತ್ತಿನ ನಾಲಿನ ಮೊಳೆ ಇದೆ, ಬಳ್ಳಾರಿ ಜಾಲಿಯ ಮುಳ್ಳು ಇದೆ, ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರ್ ಉದುರಿಸಿಕೊಂಡು ಹೋದ ಬೋಲ್ಟುಗಳಿವೆ. ದೂರ ಹೋಗುವ ದಿನ ಹಿಂದಿನ ಸೀಟಿನ ಕೆಳಗಾದರೂ ಹಾಕಿಕೊಂಡು ಹೋಗಿ. ಅದು ಉರುಳದಂತೆ ಕಟ್ಟಿ.

ಹೊಸ ಕಾರು, ನವನಗರ: ಕಾಕಾ, ನನ್ನ ಹೊಸ ಕಾರಿಗೆ ಕಂಪನಿಯವರು ಸ್ಟೆಪ್ನಿಯನ್ನೇ ಕೊಟ್ಟಿಲ್ಲ. ಒಂದು ಡಬ್ಬಿ, ಒಂದು ಸಣ್ಣ ಗಾಳಿ ಪಂಪು ಕೊಟ್ಟಿದ್ದಾರೆ. ಇದು ಕಾನೂನುಬದ್ಧವೇ?

ಟೈರ್ ಕಾಕಾ: ಹೌದು. 2020ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ. 3.5 ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಟ್ಯೂಬ್‌ಲೆಸ್ ಟೈರ್, ದುರಸ್ತಿ ಕಿಟ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಆ ಡಬ್ಬಿಯ ದ್ರಾವಣ ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ. ಮಗ್ಗುಲು ಹರಿದರೆ, ಗುಂಡಿಗೆ ಬಿದ್ದು ರಿಮ್ ಸೊಟ್ಟಾದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು. ಡಬ್ಬಿಗೂ ಅವಧಿ ಇರುತ್ತದೆ, ಮೇಲೆ ಬರೆದಿರುತ್ತದೆ, ಓದಿ. ಅದನ್ನು ಬಳಸಿದ್ದರೆ ಪಂಕ್ಚರ್ ತೆಗೆಯುವ ಹುಡುಗನಿಗೆ ಮೊದಲೇ ಹೇಳಿ. ಹೇಳದಿದ್ದರೆ ಟೈರ್ ಬಿಚ್ಚಿದಾಗ ಆ ಅಂಟೆಲ್ಲ ಅವನ ಮೈಮೇಲೆ.

ಮೈಲೇಜ್ ಮಹಾಶಯ: ಸ್ಟೆಪ್ನಿ ತೆಗೆದರೆ ಮೈಲೇಜ್ ಎಷ್ಟು ಹೆಚ್ಚುತ್ತದೆ?

ಟೈರ್ ಕಾಕಾ: ಅದರ ತೂಕ ಸುಮಾರು ಹದಿನೈದು ಕಿಲೋ. ನಿಮಗೆ ಗೊತ್ತೇ ಆಗುವುದಿಲ್ಲ.

ಅಕ್ಕೋರು, ಸಿಂದಗಿ ರಸ್ತೆ: ಕಾಕಾ, ನಾನು ಶಾಲಾ ಶಿಕ್ಷಕಿ. ವಿಜಯಪುರದಿಂದ ಸಿಂದಗಿಗೆ ದಿನಾಲೂ ನಾನೇ ಕಾರು ಓಡಿಸಿಕೊಂಡು ಹೋಗಿ ಬರುತ್ತೇನೆ. ತಿಂಗಳ ಹಿಂದೆ ಮುಂದಿನ ಎಡಗಡೆಯ ಟೈರಿನ ಮಗ್ಗುಲು ಕಲ್ಲಿಗೆ ತಾಗಿ ಹರಿಯಿತು. ಪಂಕ್ಚರ್ ಅಂಗಡಿಯವರು ಸ್ಟೆಪ್ನಿ ಹಾಕಿಕೊಟ್ಟರು. ಕಾರು ಕೊಂಡಾಗಿನಿಂದ ನೆಲ ಮುಟ್ಟದ ಟೈರ್ ಇದು, ಗ್ರಿಪ್ ಹೊಸದರಂತೆಯೇ ಇದೆ. ಹಾಗಾಗಿ ಅದರಲ್ಲೇ ಓಡಿಸುತ್ತಿದ್ದೇನೆ. ಒಂದು ವಾರದಿಂದ ಅರವತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಭಾನುವಾರ ಅಪ್ಪ, ಅಮ್ಮನನ್ನು ಪಂಢರಪುರಕ್ಕೆ ಕರೆದೊಯ್ಯಬೇಕು. ಅಲೈನ್‌ಮೆಂಟ್ ಮಾಡಿಸಿದರೆ ಸಾಕೇ?

ಟೈರ್ ಕಾಕಾ: ಅಕ್ಕೋರೇ, ಉಳಿದವರು ಸ್ವಲ್ಪ ಕಾಯಲಿ, ಮೊದಲು ನಿಮ್ಮದು. ಟೈರಿನ ಮಗ್ಗುಲಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಹೊರಗಡೆ ಕಾಣದಿದ್ದರೆ ಒಳಮಗ್ಗುಲಲ್ಲಿ ಬ್ಯಾಟರಿ ಹಿಡಿದು ನೋಡಿ. ಆಮೇಲೆ ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಆಡಿಸಿ, ಎಲ್ಲಾದರೂ ಉಬ್ಬಿದೆಯೇ ತಿಳಿಸಿ. ಕಾರು ನಿಂತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಮಾಸ್ತರ, ಜಮಖಂಡಿ: ಅಷ್ಟರಲ್ಲಿ ಒಂದು ಮಾಹಿತಿ. ಸ್ಟೆಪ್ನಿ ಎನ್ನುವುದು ಊರಿನ ಬೀದಿಯೊಂದರ ಹೆಸರು. ವೇಲ್ಸ್ ದೇಶದ ಲನೆಥ್ಲಿಯಲ್ಲಿ ಸ್ಟೆಪ್ನಿ ಬೀದಿ ಇದೆ. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ತಯಾರಿಸಿ ಮಾರಿದರು. ಆ ಹೆಸರು ಇಂದಿಗೂ ನಮ್ಮ ಬಾಯಲ್ಲಿ ಉಳಿದಿದೆ.

ಕಬ್ಬಿನ ಗಾಡಿ, ಮುಧೋಳ: ಮಾಸ್ತರರೇ, ಅವರು ಟೈರ್ ಮುಟ್ಟಿ ನೋಡಲು ಕೆಳಗೆ ಹೋಗಿದ್ದಾರೆ. ನೀವು ವೇಲ್ಸ್‌ಗೆ ಹೋಗಿದ್ದೀರಿ.

ಅಕ್ಕೋರು, ಸಿಂದಗಿ ರಸ್ತೆ: ಅಂಕಿ 2314. ಗ್ರಿಪ್‌ನ ಸಂದುಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಬೇಸಿಗೆಯ ಕೆರೆಯ ಮಣ್ಣಿನಂತೆ. ಒಂದು ಕಡೆ ಅಂಗೈಯಷ್ಟು ಜಾಗ ಸ್ವಲ್ಪ ಎತ್ತರವಾಗಿದೆ ಎನಿಸುತ್ತದೆ. ನನ್ನ ಭ್ರಮೆಯೂ ಇರಬಹುದು.

ಟೈರ್ ಕಾಕಾ: ಭ್ರಮೆಯಲ್ಲ. 2314 ಎಂದರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಸವೆಯದಿದ್ದರೆ ಟೈರ್ ಹೊಸದು ಎಂದು ಎಲ್ಲರೂ ತಿಳಿಯುತ್ತಾರೆ. ರಬ್ಬರ್ ಓಡಿದರೂ ಮುದಿಯಾಗುತ್ತದೆ, ಕುಳಿತರೂ ಮುದಿಯಾಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಿಕ್ಕಿ ಒಲೆಯಂತೆ ಕಾಯುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಬೇಕು. ಹತ್ತು ವರ್ಷವಾದರೆ ಹೇಗೆ ಕಂಡರೂ ತೆಗೆಯಬೇಕು.

ಈಗ ಆ ಉಬ್ಬಿನ ವಿಷಯ. ಟೈರಿನೊಳಗೆ ರಬ್ಬರಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಹಳೆಯ ರಬ್ಬರ್ ಹಿಡಿತ ಬಿಟ್ಟಾಗ ಪಟ್ಟಿ ಕಳಚಲು ಶುರುವಾಗುತ್ತದೆ, ಮೇಲಿನ ಭಾಗ ಉಬ್ಬುತ್ತದೆ. ಸ್ಟೇರಿಂಗ್ ನಡುಗುವುದು ಆ ಉಬ್ಬು ಸುತ್ತಿಗೊಮ್ಮೆ ನೆಲಕ್ಕೆ ಬಡಿಯುವುದರಿಂದ. ವೇಗ, ಬಿಸಿಲು, ಭಾರ ಮೂರೂ ಸೇರಿದರೆ ಮೇಲಿನ ಪದರ ಸಿಪ್ಪೆಯಂತೆ ಕಿತ್ತು ಹೋಗುತ್ತದೆ. ಅದೂ ಮುಂದಿನ ಚಕ್ರ. ಆಮೇಲೆ ಕಾರು ನಿಮ್ಮ ಮಾತು ಕೇಳುವುದಿಲ್ಲ. ಅಲೈನ್‌ಮೆಂಟ್ ಇದಕ್ಕೆ ಮದ್ದಲ್ಲ.

ಇವತ್ತು ಕಾರು ಹೊರಗೆ ತೆಗೆಯಬೇಡಿ. ನಾಳೆ ಬೆಳಿಗ್ಗೆ ಹತ್ತಿರದ ಟೈರ್ ಅಂಗಡಿಗೆ, ನನ್ನದೇ ಆಗಬೇಕೆಂದಿಲ್ಲ, ಮೂವತ್ತರ ವೇಗದಲ್ಲಿ ಒಬ್ಬರೇ ಹೋಗಿ. ಇನ್ನೂ ಒಳ್ಳೆಯದೆಂದರೆ ಅಂಗಡಿಯ ಹುಡುಗನನ್ನೇ ಮನೆಗೆ ಕರೆಸಿ. ಹೊಸ ಟೈರ್ ಎರಡು ಕೊಂಡು ಹಿಂದಕ್ಕೆ ಹಾಕಿಸಿ, ಹಿಂದಿನ ಎರಡನ್ನು ಮುಂದಕ್ಕೆ ತನ್ನಿ. ಮುಂದಿನ ಬಲಗಡೆಯದು ಸರಿಯಿದ್ದರೆ ಅದು ಸ್ಟೆಪ್ನಿಯಾಗಲಿ.

ಎರಡು ಲಕ್ಷ ಕಿ.ಮೀ., ಬೀಳಗಿ: ಹೊಸದನ್ನು ಹಿಂದಕ್ಕೇ? ಎಂಜಿನ್ ಮುಂದಿದೆ, ಸ್ಟೇರಿಂಗ್ ಮುಂದಿದೆ. ನಾನು ಇಪ್ಪತ್ತು ವರ್ಷ ಹೊಸ ಟೈರನ್ನು ಮುಂದೆಯೇ ಹಾಕಿಸಿದ್ದೇನೆ, ಏನೂ ಆಗಿಲ್ಲ.

ಟೈರ್ ಕಾಕಾ: ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಹಿಡಿಯಬಹುದು. ಹಿಂದಿನದು ಜಾರಿದರೆ ಬುಗುರಿಯಂತೆ ತಿರುಗುತ್ತದೆ, ಹಿಡಿಯಲು ಬರುವುದಿಲ್ಲ.

ಎರಡು ಲಕ್ಷ ಕಿ.ಮೀ., ಬೀಳಗಿ: ನಮ್ಮ ಕಡೆ ಮಳೆಯೇ ಬರುವುದಿಲ್ಲ.

ಕಬ್ಬಿನ ಗಾಡಿ, ಮುಧೋಳ: ಘಟಪ್ರಭೆ ಮನೆಯೊಳಗೆ ಬಂದ ವರ್ಷ ನಮ್ಮ ಕಡೆ ಬಂದು ನೋಡಬೇಕಿತ್ತು ನೀವು.

ಎರಡು ಲಕ್ಷ ಕಿ.ಮೀ., ಬೀಳಗಿ: ನದಿಗೂ ಟೈರಿಗೂ ಏನು ಸಂಬಂಧ? ಟ್ರ್ಯಾಕ್ಟರ್ ಓಡಿಸುವವರು ಕಾರಿನ ವಿಷಯಕ್ಕೆ ಬರಬೇಡಿ.

ಕಬ್ಬಿನ ಗಾಡಿ, ಮುಧೋಳ: ನಿಮ್ಮ ಕಾರು ಕೊಲ್ಹಾರ ಸೇತುವೆಯ ಮೇಲೆ ನಿಂತಾಗ ಎಳೆಯಲು ಟ್ರ್ಯಾಕ್ಟರೇ ಬರುತ್ತದೆ, ನೆನಪಿರಲಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ಸರ್ವಂ ಶುಭಂ: ಎಲ್ಲರೂ ತಪ್ಪದೇ ಓದಿ! ಬೇಸಿಗೆಯಲ್ಲಿ ಟೈರ್ ಸಿಡಿಯದಂತೆ ಐದಾರು ಪಿಎಸ್‌ಐ ಗಾಳಿ ಕಡಿಮೆ ಹಾಕಿಸಿ. ಮರ ಅಂಟಿಸುವ ಗೋಂದನ್ನು ನೀರಿನಲ್ಲಿ ಕಲಸಿ ವಾಲ್ವಿನಿಂದ ಟೈರಿಗೆ ಸುರಿದರೆ ಜೀವಮಾನವಿಡೀ ಪಂಕ್ಚರ್ ಇಲ್ಲ. ಸ್ಟೆಪ್ನಿಯ ಅಗತ್ಯವೇ ಇಲ್ಲ. ಹತ್ತು ಜನರಿಗೆ ಕಳುಹಿಸಿ.

ಟೈರ್ ಕಾಕಾ: ಇದನ್ನು ಬರೆದವನು ನನ್ನ ಅಂಗಡಿಗೆ ಬರಲಿ. ಗಾಳಿ ಕಡಿಮೆಯಾದರೆ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಮಡಿಚುತ್ತದೆ, ಮಡಿಚಿದಷ್ಟೂ ಕಾಯುತ್ತದೆ, ಕಾದೇ ಸಿಡಿಯುತ್ತದೆ. ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬರುವ ಸಿಡಿದ ಟೈರುಗಳಲ್ಲಿ ಹೆಚ್ಚಿನವು ಗಾಳಿ ಕಡಿಮೆಯಿದ್ದವೇ. ಬಿಸಿಗೆ ಒತ್ತಡ ಏರುವುದು ಕಾರು ಮಾಡಿದವರಿಗೆ ಗೊತ್ತಿಲ್ಲವೇ? ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸಿ. ಗೋಂದು ಸುರಿದರೆ ಒಂದು ಕಡೆ ಗಟ್ಟಿಯಾಗಿ ಕೂತು ಚಕ್ರ ಕುಣಿಯುತ್ತದೆ, ವಾಲ್ವು ಕಟ್ಟುತ್ತದೆ. ಗೋಂದು ಕಿಟಕಿ ಬಾಗಿಲಿಗೆ ಇರಲಿ.

ಸರ್ವಂ ಶುಭಂ: ಬಂದದ್ದನ್ನು ಹಾಕಿದೆ ಅಷ್ಟೇ. ಕೋಪವೇಕೆ?

ಮೂರನೇ ಗೇರು: ಕಾಕಾ, ನೈಟ್ರೋಜನ್ ಹಾಕಿಸಿದರೆ ಸ್ಟೆಪ್ನಿ ಬೇಡವೇ?

ಟೈರ್ ಕಾಕಾ: ನೀವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಮೊಳೆ ಅದಕ್ಕೆ ಹೆದರುವುದಿಲ್ಲ.

ಇಳಕಲ್ ಅಂಚು: ಸ್ಟೆಪ್ನಿ, ಜಾಕು ಎಲ್ಲ ಇದ್ದವು. ಆದರೆ ಪಾನಾ ಹಾಕಿ ನಿಂತು ತುಳಿದರೂ ನಟ್ ಅಲುಗಲಿಲ್ಲ. ಏನು ಮಾಡಬೇಕು?

ಟೈರ್ ಕಾಕಾ: ಗಾಳಿ ಗನ್ನಿನಿಂದ ಬಿಗಿದಿದ್ದಾರೆ. ಇನ್ನು ಮುಂದೆ ಕೊನೆಯ ಬಿಗಿತ ಕೈ ಪಾನಾದಿಂದಲೇ ಆಗಲಿ ಎಂದು ನಿಂತು ಮಾಡಿಸಿ. ಬಿಚ್ಚುವಾಗ ಚಕ್ರ ನೆಲದ ಮೇಲಿದ್ದಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕು ಎತ್ತಿ. ಕಾರಿನ ಕೆಳಗೆ ಕೈಕಾಲು ಹಾಕಬೇಡಿ.

ಬಸವನ ಬಾಗೇವಾಡಿ ಹುಡುಗ: ಚಿಕ್ಕ ಸ್ಟೆಪ್ನಿ ಇದೆ, ಉಳಿದ ಚಕ್ರಕ್ಕಿಂತ ಸಣ್ಣದು. ಎಷ್ಟು ವೇಗ ಹೋಗಬಹುದು?

ಟೈರ್ ಕಾಕಾ: 80. ಅದರ ಮೇಲೆಯೇ ಬರೆದಿದೆ.

ನಿಂಬೆನಾಡು, ಇಂಡಿ: ಕಾಕಾ, ಸೀಟಿನ ಕೆಳಗೆ ಸ್ಟೆಪ್ನಿ ಹಿಡಿಸುತ್ತಿಲ್ಲ. ಕಾರಿನ ಮೇಲೆ ಕ್ಯಾರಿಯರ್ ಹಾಕಿಸಲೇ?

ಹೊಸ ಕಾರು, ನವನಗರ: ಹೆಚ್ಚುವರಿ ಚಕ್ರವನ್ನು ಹೊರಗೆ ಕೊಂಡು ಇಟ್ಟುಕೊಂಡರೆ ವಾರಂಟಿ ಹೋಗುತ್ತದೆಯೇ?

ಮೈಲೇಜ್ ಮಹಾಶಯ: ಕಾಕಾ, ಹದಿನೈದು ಕಿಲೋ ಎಂದಿರಿ. ನನ್ನದು ಹದಿಮೂರು ಇದೆ.

ಟೈರ್ ಕಾಕಾ: ಹಾಗಾದರೆ ಎರಡು ಕಿಲೋ ಉಳಿತಾಯ. ಅಭಿನಂದನೆ.

ಅಕ್ಕೋರು, ಸಿಂದಗಿ ರಸ್ತೆ (ಶನಿವಾರ): ಕಾಕಾ, ನಿಮ್ಮ ಮಾತು ಕೇಳಿ ಒಳ್ಳೆಯದಾಯಿತು. ಬೆಳಿಗ್ಗೆ ಹುಡುಗ ಮನೆಗೇ ಬಂದ. ಟೈರ್ ಬಿಚ್ಚಿ ಬೆರಳಿನಿಂದ ಒತ್ತಿದರೆ ಉಬ್ಬಿದ ಜಾಗ ಮೆತ್ತಗಿತ್ತು. ಸದ್ಯಕ್ಕೆ ಒಂದೇ ಸಾಕು ಎಂದ, ಹಾಗಾಗಿ ಹೊಸದು ಒಂದನ್ನೇ ಹಾಕಿಸಿದೆ. ನಡುಕ ನಿಂತಿದೆ. ನಾಳೆ ಪಂಢರಪುರ.

ಟೈರ್ ಕಾಕಾ: ಒಳ್ಳೆಯದು. ಹಳೆಯದನ್ನು ಏನು ಮಾಡಿದಿರಿ?

ಅಕ್ಕೋರು, ಸಿಂದಗಿ ರಸ್ತೆ: ಡಿಕ್ಕಿಯಲ್ಲಿದೆ. ಸ್ಟೆಪ್ನಿ ಇರಲೇಬೇಕು ಎಂದು ನೀವೇ ಹೇಳಿದಿರಲ್ಲ?

ಟೈರ್ ಕಾಕಾ: ಅಕ್ಕೋರೇ, ಫೋನ್ ಮಾಡುತ್ತಿದ್ದೇನೆ, ಎತ್ತಿ.

ಮೂರನೇ ಗೇರು: ಕಾಕಾ, ಒಟ್ಟಿನಲ್ಲಿ ಸ್ಟೆಪ್ನಿ ಬೇಕೋ ಬೇಡವೋ? ಒಂದೇ ಮಾತಿನಲ್ಲಿ ಹೇಳಿ.