ಹಾಡು ಕಲಿಯುವ ಆ್ಯಪ್: ಸಂಗೀತದವರಿಗೆ ಬೇಕಾದದ್ದೇನು?

ಪ್ರಶ್ನೆ: ನಮಸ್ಕಾರ ಮೇಡಂ. ದೇವರನಾಮ, ಕೃತಿ, ಭಾವಗೀತೆ ಕಲಿಯುವವರಿಗಾಗಿ ನಾವು ಮೂವರು ಗೆಳೆಯರು ಆ್ಯಪ್ ಮಾಡುತ್ತಿದ್ದೇವೆ. ಯಾವ ಸೌಲಭ್ಯ ಬೇಕೆಂದು ಕೇಳಿ ಹಲವರಿಗೆ ಪ್ರಶ್ನಾವಳಿ ಕಳಿಸಿದೆವು. ಎಲ್ಲರೂ ಎಲ್ಲವೂ ಬೇಕೆಂದು ಗುರುತು ಹಾಕಿದ್ದಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ (ಸಂಗೀತ ಶಿಕ್ಷಕಿ): ಮದುವೆ ಮನೆಯಲ್ಲಿ ಬಡಿಸುವವರು ಕೇಳುತ್ತಾ ಹೋದರೆ ಬೇಡ ಎನ್ನುವವರು ಯಾರು? ಊಟವಾದ ಮೇಲೆ ಎಲೆಯಲ್ಲಿ ಏನು ಉಳಿಯಿತೆಂದು ನೋಡಬೇಕು. ಪ್ರಶ್ನಾವಳಿ ಪಕ್ಕಕ್ಕಿಡಿ. ಕಲಿಯುವವರು ಮನೆಯಲ್ಲಿ ಅಭ್ಯಾಸ ಮಾಡುವಾಗ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ.

ಮೊನ್ನೆ ನನ್ನ ಶಿಷ್ಯೆಯೊಬ್ಬಳು ಪಲ್ಲವಿಯ ಮೂರನೆಯ ಸಂಗತಿಯನ್ನು, ಅಂದರೆ ಅದೇ ಸಾಲನ್ನು ಬೇರೆ ರೀತಿ ಹಾಡುವ ಮೂರನೆಯ ಬಗೆಯನ್ನು, ಹುಡುಕುತ್ತಿದ್ದಳು. ಮೊಬೈಲಿನಲ್ಲಿ ಇದ್ದದ್ದು ಇಡೀ ಪಾಠದ ಒಂದೇ ಧ್ವನಿಮುದ್ರಣ. ಹೆಬ್ಬೆರಳಿನಿಂದ ಜಾರಿಸಿದಳು, ಚರಣಕ್ಕೆ ಹೋಯಿತು. ಹಿಂದೆ ಎಳೆದಳು, ನಾನು ಯಾರಿಗೋ ಕಾಫಿ ಬೇಕೇ ಎಂದು ಕೇಳುತ್ತಿರುವಲ್ಲಿಗೆ ಬಂತು. ಸಂಗತಿ ಸಿಗುವ ಹೊತ್ತಿಗೆ ಹಾಡುವ ಮನಸ್ಸೇ ಹೋಗಿತ್ತು. ಅವಳಿಗೆ ಬೇಕಿದ್ದದ್ದು ಇಷ್ಟೇ: ಪಾಠ ನಡೆಯುವಾಗಲೇ ಒಂದು ಗುರುತು ಒತ್ತುವುದು, ಎರಡು ಗುರುತುಗಳ ನಡುವಿನ ತುಂಡು ಮತ್ತೆ ಮತ್ತೆ ಕೇಳುವುದು, ಶ್ರುತಿ ಇಳಿಯದೆ ವೇಗ ಮಾತ್ರ ಇಳಿಸುವುದು. ಇಂಟರ್‌ನೆಟ್ ಇಲ್ಲದೆಯೂ ಇವು ನಡೆಯಬೇಕು.

ಪ್ರಶ್ನೆ: ಸ್ವರ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು ತೋರಿಸಿ ಅಂಕ ಕೊಡುವ ಯೋಚನೆಯಿದೆ. ನಮ್ಮ ಹೆಮ್ಮೆಯ ಭಾಗವೇ ಅದು.

ಉತ್ತರ: ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಭಾಗವೂ ಅದೇ! ಒಂದು ಸ್ಥಾಯಿಯನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ವರೆಗಿನ ಅಂತರವನ್ನು, ಸೆಂಟ್ ಎಂಬ 1200 ಸಣ್ಣ ಅಳತೆಗಳಾಗಿ ಭಾಗ ಮಾಡಿದರೆ ಸಂಗೀತದ ಕೀಬೋರ್ಡಿನ ಅಂತರಗಾಂಧಾರ (‘ಗ’ ಸ್ವರದ ಒಂದು ಬಗೆ) 400ರಲ್ಲಿದೆ. ತಂಬೂರಿಯ ಷಡ್ಜದ (‘ಸ’) ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಕೀಬೋರ್ಡನ್ನೇ ಅಳತೆಯಾಗಿ ಇಟ್ಟರೆ, ತಂಬೂರಿಗೆ ಕಿವಿಗೊಟ್ಟು ಸೇರಿಸಿ ಹಾಡಿದ ಹುಡುಗಿಗೆ ನಿಮ್ಮ ಆ್ಯಪ್ ಕೆಂಪು ದೀಪ ತೋರಿಸಬಹುದು. ಇನ್ನು ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡುತ್ತಿರುತ್ತದೆ. ಅದಕ್ಕೆ ಎಷ್ಟು ಅಂಕ? ಅಂಕದ ಬದಲು ಗುರುಗಳ ಸಾಲು, ಶಿಷ್ಯರ ಸಾಲು ಎರಡನ್ನೂ ಒಂದರ ಹಿಂದೊಂದು ಕೇಳಿಸಿ. ತಪ್ಪನ್ನು ಕಿವಿಯೇ ಹಿಡಿಯಲಿ.

ಚರ್ಚೆಯಲ್ಲಿದ್ದ ಇನ್ನೊಬ್ಬರು: ನಾನು ಕವಿತೆಗಳಿಗೆ ರಾಗ ಸಂಯೋಜಿಸುತ್ತೇನೆ. ಹೊಳೆದದ್ದನ್ನು ಗುನುಗಿ ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತೇನೆ. ತಿಂಗಳ ನಂತರ ಯಾವುದು ಯಾವ ಸಾಲಿನದೆಂದು ನನಗೇ ತಿಳಿಯುವುದಿಲ್ಲ. ಸ್ವರ ಬರೆದಿಡೋಣವೆಂದರೆ ಅದೂ ಕೆಡುತ್ತದೆ.

ಉತ್ತರ: ನಿಮ್ಮ ಕಷ್ಟ ನನ್ನದೂ ಹೌದು. ಗುನುಗಿದ್ದು ಕವಿತೆಯ ಆಯಾ ಸಾಲಿಗೇ ಅಂಟಿಕೊಂಡಿರಬೇಕು, ಹಳೆಯ ಪ್ರಯತ್ನಗಳೂ ಅಳಿಯದೆ ಉಳಿದಿರಬೇಕು. ಇನ್ನು ಸ್ವರಲಿಪಿ, ಅಂದರೆ ಸಾಹಿತ್ಯದ ಮೇಲೆ ಸ್ವರ ಬರೆದಿಡುವುದು. ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ‘ಕೃಷ್ಣಾ’ದ ‘ಷ್ಣಾ’ ಮೇಲೆ ‘ಗಾ’ ಕೂರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಆ ಕಡೆಯವರ ಪರದೆಯಲ್ಲಿ ಅದು ‘ಕೃ’ ಮೇಲೆ ಕುಳಿತಿರುತ್ತದೆ. ಮಿಶ್ರಛಾಪು ತಾಳದ ಏಳು ಎಣಿಕೆ ಮೂರು, ನಾಲ್ಕಾಗಿ ಒಡೆಯುವ ಬದಲು ಎಲ್ಲೆಲ್ಲೋ ಒಡೆದಿರುತ್ತದೆ. ಆದ್ದರಿಂದಲೇ ನಾವು ಇಂದಿಗೂ ನೋಟ್‌ಬುಕ್‌ನಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತೇವೆ. ತಾಳದ ಮನೆಗಳಿಗೆ ಸ್ವರವನ್ನೂ ಸಾಹಿತ್ಯವನ್ನೂ ಒಟ್ಟಿಗೆ ಕಟ್ಟಿಹಾಕುವ ಪುಟ ಮಾಡಿಕೊಡಿ, ಅದೊಂದಕ್ಕೇ ನಾನು ಹಣ ಕೊಡುತ್ತೇನೆ. ಮತ್ತೊಂದು ಮಾತು: ಗುರುಗಳ ಧ್ವನಿಮುದ್ರಣ ಅವರ ಒಪ್ಪಿಗೆಯಿಲ್ಲದೆ ಆ ಮೊಬೈಲ್ ಬಿಟ್ಟು ಆಚೆ ಹೋಗಬಾರದು.

ಪ್ರಶ್ನೆ: ಅರ್ಥವಾಯಿತು ಮೇಡಂ. ನಿಮ್ಮ ಪಾಠಕ್ಕೆ ನಾವು ಮೂವರೂ ಒಂದು ದಿನ ಬಂದು ನೋಡಬಹುದೇ?

ಉತ್ತರ: ಒಬ್ಬರು ಬನ್ನಿ, ಲ್ಯಾಪ್‌ಟಾಪ್ ತರಬೇಡಿ. ಮೂವರು ನೋಡುತ್ತಾ ಕುಳಿತರೆ ಮಕ್ಕಳು ಬಾಯಿ ಬಿಡುವುದಿಲ್ಲ.